ಖಂಡೇಪೂಜೆಯ ಮೇಲೆ ಬಂದ ಅಪವಾದ

ಕೊರೊನಾ ಹಾವಳಿ ಮುಗಿದ ಮರುವರ್ಷ. ಆಗ ನಾನು ಬಾಗಲಕೋಟೆಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹಿರಿಯ ಸಪೋರ್ಟ್ ಇಂಜಿನಿಯರ್. ಬಾದಾಮಿಯಿಂದ ಇಳಕಲ್‌ವರೆಗೆ ನಮ್ಮ ಪ್ರೋಗ್ರಾಂ ಎಲ್ಲಿ ಕೈಕೊಟ್ಟರೂ ಫೋನು ಬರುತ್ತಿದ್ದುದು ನನಗೇ. ಬರಲಿ ಬಿಡಿ, ಕೆಟ್ಟು ನಿಂತ ಕಂಪ್ಯೂಟರಿನ ಎದುರು ಕುಳಿತರೆ ನನಗೆ ಹಸಿವು ನೀರಡಿಕೆ ಯಾವುದೂ ನೆನಪಾಗುತ್ತಿರಲಿಲ್ಲ.

ವಿಜಯದಶಮಿಯ ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ ಇಳಕಲ್ಲಿನ ನೇಕಾರರ ಸಂಘವೊಂದರಿಂದ ಕರೆ ಬಂತು. ನೇಕಾರರು ತಂದ ಸೀರೆಗಳನ್ನು ದಾಖಲಿಸಿ, ಒಂದೊಂದಕ್ಕೂ ಚೀಟಿ ಮುದ್ರಿಸುವ ಪ್ರೋಗ್ರಾಂ ನಾವು ಬರೆದುಕೊಟ್ಟದ್ದು. ಅದು ಏಳುತ್ತಲೇ ಇಲ್ಲವಂತೆ. ಚೀಟಿ ಇಲ್ಲದೆ ದೀಪಾವಳಿಯ ಮಾಲು ಹೊರಡುವಂತಿಲ್ಲ. ನಾನು ಹುನಗುಂದ ದಾಟುವಷ್ಟರಲ್ಲಿ ಮತ್ತೆ ಮತ್ತೆ ಫೋನು.

ಹೋಗಿ ನೋಡಿದರೆ ಅಲ್ಲಿ ಪಂಚಾಯ್ತಿಯೇ ನಡೆದಿತ್ತು. ಕಂಪ್ಯೂಟರ್ ಆಪರೇಟರ್ ಗಂಗವ್ವ ಗೋಡೆಗೆ ಒರಗಿ ನಿಂತಿದ್ದಳು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಊರೆಲ್ಲ ಮಗ್ಗ ನಿಲ್ಲಿಸಿ ಪೂಜೆ ಮಾಡುವಂತೆ ಆಕೆಯೂ ಕಂಪ್ಯೂಟರ್ ಬಂದ್ ಮಾಡಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ್ದಳು. ಹಬ್ಬ ಮುಗಿಸಿ ಚಾಲೂ ಮಾಡಿದರೆ ಈ ಗತಿ.

"ಮೇಡಮ್ಮಾರ, ಕುಂಕುಮದ ನೀರು ಮಷಿನ್ ಒಳಗ ಹೋಗೇತ್ರಿ. ಈಕೀನ ಕೆಡಿಸ್ಯಾಳ," ಎಂದರು ಸಂಘದ ಅಧ್ಯಕ್ಷರು. "ನೀವು ಹೂಂ ಅನ್ರಿ, ಇವತ್ತ ಕೆಲಸ ಬಿಡಿಸ್ತೇವಿ."

"ನೀರು ಹಾಕಿಲ್ರಿ. ಬೆರಳಿಲೆ ಹಚ್ಚೇನ್ರಿ," ಎಂದಳು ಗಂಗವ್ವ. ಆಕೆಯ ಇಬ್ಬರು ಮಕ್ಕಳ ಶಾಲೆ ಈ ಕೆಲಸದ ಮೇಲೇ ನಡೆದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಹೂಂ ಅನ್ನಾಕ ಬಂದಿಲ್ರಿ ನಾ, ನೋಡಾಕ ಬಂದೇನಿ. ಸರೀರಿ ಅತ್ಲಾಗ," ಎಂದು ಕುರ್ಚಿ ಎಳೆದುಕೊಂಡೆ.

ಒಳಗೆ ನೀರು ಹೋದ ಯಂತ್ರದ ಲಕ್ಷಣವೇ ಬೇರೆ. ಇಲ್ಲಿ ಕಂಪ್ಯೂಟರ್ ಚೆನ್ನಾಗಿಯೇ ಏಳುತ್ತಿತ್ತು, ಮಿಕ್ಕ ಕೆಲಸವೆಲ್ಲ ಮಾಡುತ್ತಿತ್ತು. ಸಾಯುತ್ತಿದ್ದುದು ನಮ್ಮ ಪ್ರೋಗ್ರಾಂ ಒಂದೇ. ಕಮಾಂಡ್ ಪರದೆಯಲ್ಲಿ ಅದನ್ನು ಓಡಿಸಿದೆ. 'ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್ ಎರರ್' ಎಂಬ ಸಾಲು, ಅದರಲ್ಲಿ ಎರಡು ಅಂಕಿ: 55 ಮತ್ತು 52. ಅಯ್ಯ, ಇಷ್ಟೇನಾ! ನನಗೆ ನಗುವೇ ಬಂತು.

ನಮ್ಮ ಪ್ರೋಗ್ರಾಂ ಜಾವಾ ಭಾಷೆಯದು, ಅದನ್ನು ಓಡಿಸಲು ಯಂತ್ರದಲ್ಲೂ ಜಾವಾ ಇರಬೇಕು. ಜಾವಾದಲ್ಲಿ ಬರೆದದ್ದು ಯಂತ್ರ ಓದುವ ಕ್ಲಾಸ್ ಫೈಲ್ ಆಗುವಾಗ, ಅದನ್ನು ಯಾವ ಜಾವಾಕ್ಕಾಗಿ ಸಿದ್ಧಪಡಿಸಿದೆ ಎಂಬ ಸಂಖ್ಯೆ ಅದರೊಳಗೇ ಕೂಡುತ್ತದೆ. ಜಾವಾ 8 ಎಂದರೆ 52, ಜಾವಾ 11 ಎಂದರೆ 55. ಹಳೆಯ ಫೈಲನ್ನು ಹೊಸ ಜಾವಾ ಓದುತ್ತದೆ, ಹೊಸ ಫೈಲನ್ನು ಹಳೆಯ ಜಾವಾ ಓದಲಾರದು. ನಮ್ಮದು 11ರಲ್ಲಿ ಸಿದ್ಧವಾದದ್ದು. ಆ ಯಂತ್ರದಲ್ಲಿ 11 ಇನ್ನೂ ಇದ್ದರೂ, ಈಗ 'ಜಾವಾ' ಎಂದು ಕೂಗಿದರೆ ಓಗೊಡುತ್ತಿದ್ದುದು 8. ಅದು ಯಾವಾಗ ಬಂದು ಕೂತಿತೆಂದು ನೋಡಿದೆ. ಶ್ರಾವಣದಲ್ಲಿ!

"ಶ್ರಾವಣದಾಗ ಇದಕ್ಕ ಯಾರು ಕೈ ಹಚ್ಚಿದ್ರಿ?"

ಅಧ್ಯಕ್ಷರು ಕೆಮ್ಮಿದರು. "ಡಿಜಿಟಲ್ ಸಹಿ ಸಾಫ್ಟ್‌ವೇರಿಗೆ ಹಳೇ ಜಾವಾ ಬೇಕಂದ್ರು. ನಾನ ಹಾಕ್ಸೇನ್ರಿ. ಆದ್ರ ದಸರಾತನಾ ಛಲೋ ನಡದಿತ್ತಲ್ರಿ?"

ಇದೇ ಮುಖ್ಯ ಪ್ರಶ್ನೆ. ಚಾಲೂ ಇರುವ ಪ್ರೋಗ್ರಾಂ ತಾನು ಎದ್ದಾಗ ಹಿಡಿದ ಜಾವಾವನ್ನು ಬಿಡುವುದಿಲ್ಲ. ಇನ್ವರ್ಟರ್ ಇದ್ದ ಆ ಕಚೇರಿಯಲ್ಲಿ ಯಂತ್ರವನ್ನಾಗಲಿ ಪ್ರೋಗ್ರಾಂ ಅನ್ನಾಗಲಿ ಬಂದ್ ಮಾಡುವ ರೂಢಿಯೇ ಇರಲಿಲ್ಲ. ಶ್ರಾವಣದ ನಂತರ, ಪೂಜೆಗೆಂದು ಬಂದ್ ಮಾಡಿದಾಗಲೇ ಅದು ಮೊದಲ ಸಲ ಮಲಗಿದ್ದು. ಎದ್ದಾಗ ಕೈಗೆ ಸಿಕ್ಕದ್ದು ಹಳೆಯ ಜಾವಾ.

"ಅಂದ್ರ ನೂಲು ಅದ ಐತಿ, ಹಣಿಗಿ ಬದಲಾಗೇತಿ?" ಎಂದರು ಅಧ್ಯಕ್ಷರು. ಹಣಿಗಿ ಎಂದರೆ ಮಗ್ಗದಲ್ಲಿ ನೂಲು ಹಾಯುವ ಬಾಚಣಿಗೆ; ಎಷ್ಟಾದರೂ ಮಗ್ಗದ ಮನೆಯವರು.

"ಹೂನ್ರಿ. ಬದಲ್ ಮಾಡಿದವರು ನೀವು, ಬೈಸ್ಕೊಂಡಾಕಿ ಈಕಿ."

ಹಳೆಯ ಜಾವಾವನ್ನು ತೆಗೆಯಲಿಲ್ಲ, ಅವರ ಸಹಿಗೆ ಅದು ಬೇಕಿತ್ತು. ನಮ್ಮ ಪ್ರೋಗ್ರಾಂ ಎಬ್ಬಿಸುವ ಕಡತದಲ್ಲಿ ಬರಿಯ 'ಜಾವಾ' ಎಂದಿದ್ದುದನ್ನು ಅಳಿಸಿ, ಜಾವಾ 11ರ ಪೂರ್ತಿ ವಿಳಾಸ ಬರೆದೆ. ಮುಗಿಯಿತು. ಆದರೆ ನಾನು ಅಷ್ಟಕ್ಕೆ ಏಳುವವಳಲ್ಲ.

"ಗಂಗವ್ವ, ಬಾ ಇಲ್ಲಿ. ಎಲ್ಲಾರ ಮುಂದ ಬಂದ್ ಮಾಡು. ಈಗ ಚಾಲೂ ಮಾಡು."

ಆಕೆಯ ಬೆರಳು ಬಟನ್ ಮೇಲೆ ಅರೆಕ್ಷಣ ತಡೆಯಿತು. ಯಂತ್ರ ಎದ್ದಿತು, ಪ್ರೋಗ್ರಾಂ ತೆರೆಯಿತು, ಪ್ರಿಂಟರ್ ಚೀಟಿ ಉಗುಳಿತು. ಅಧ್ಯಕ್ಷರು ತಲೆ ತಗ್ಗಿಸಲಿಲ್ಲ, ನೆಟ್ಟಗೆ ಆಕೆಯನ್ನೇ ನೋಡಿದರು. "ತಪ್ಪು ನಂದವಾ ತಂಗಿ. ಎಲ್ಲಾರ ಮುಂದ ಬೈದೇನಿ, ಎಲ್ಲಾರ ಮುಂದ ಹೇಳ್ತೇನಿ." ಆ ಮಾತಿಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ದೋಷ ಕಾಣಿಸಿಕೊಂಡ ದಿನವೇ ಅದು ಹುಟ್ಟಿದ ದಿನವಲ್ಲ. ಕೊನೆಗೆ ಮುಟ್ಟಿದವರೇ ಕೆಡಿಸಿದವರೂ ಅಲ್ಲ. ನನ್ನ ವೃತ್ತಿ ಕಲಿಸಿದ್ದು ಇದನ್ನೇ. ಬರಿಯ ಯಂತ್ರದ ವಿಷಯವಾಗಿದ್ದರೆ ಇದನ್ನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಅಂದು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದ ಗಂಗವ್ವ ನನ್ನ ಕೈ ಹಿಡಿದು ಅತ್ತೇಬಿಟ್ಟಳು.

"ಎಲ್ಲಾರೂ ಅಂದು ಅಂದು, ನಾನ ಕೆಡಿಸೇನಿ ಅಂತ ನನಗೂ ಖರೇನ ಅನ್ಸಾಕ ಹತ್ತಿತ್ರಿ ಮೇಡಮ್ಮಾರ."