ಹೊಸ್ತಿಲಾಚೆಯ ಚಂದಿರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಕತ್ತಲ ಕೋಣೆ. ಅಲ್ಲಿ ಕೂತು ಜನರ ತಲೆಯೊಳಗಿನ ಚಿತ್ರಗಳನ್ನು ನೋಡುವವರಿಗೆ ಎಲ್ಲರೂ ಇಟ್ಟ ಹೆಸರು ಗೂಬೆ ಡಾಕ್ಟರು. ಅವರಿಗೇನೂ ಬೇಸರವಿಲ್ಲ; ಗೂಬೆಗೆ ಕತ್ತಲಲ್ಲಾದರೂ ಕಣ್ಣು ಕಾಣುತ್ತದಲ್ಲ! ಮನೆಯಲ್ಲಿ ಮೂಗಿನ ಮುಂದಿನ ಉಪ್ಪಿನ ಡಬ್ಬಿಯೂ ಕಾಣದ ಮನುಷ್ಯ ಎಂಬುದು ಹೆಂಡತಿಯ ವರದಿ. ಅದಕ್ಕೆ ಮೇಲ್ಮನವಿಯಿಲ್ಲ.

ಎಂ.ಆರ್.ಐ. ಚಿತ್ರಗಳು ಒಂದೊಂದಾಗಿ ಸರಿಯತೊಡಗಿದರೆ ಡಾಕ್ಟರು ಅರೆಗನಸಿಗೆ ಜಾರುತ್ತಾರೆ. ಬೂದು ಬಣ್ಣದ ಬೆಟ್ಟಗಳು, ಬೆಳದಿಂಗಳು ಬಿದ್ದ ಕಣಿವೆಗಳು, ನಡುವೆ ಚಿಟ್ಟೆಯಾಕಾರದ ಕಪ್ಪು ಕೊಳ. ರೋಗಿಯ ಎಡಗಡೆ ಪರದೆಯಲ್ಲಿ ಬಲಕ್ಕೆ ಕಾಣುವುದರಿಂದ ಆ ನಾಡಿನಲ್ಲಿ ಎಡವೆಲ್ಲ ಬಲ, ಬಲವೆಲ್ಲ ಎಡ. ಹೆಸರು ಕಂಡರೆ ಮುಖ ನೆನಪಾಗುತ್ತದೆ, ಮುಖ ನೆನಪಾದರೆ ಕಣ್ಣು ಮಂಜಾಗುತ್ತದೆ ಎಂದು ಪರದೆಯ ಮೂಲೆಯ ಹೆಸರಿಗೆ ಹಳದಿ ಚೀಟಿಯೊಂದನ್ನು ಅಂಟಿಸಿಯೇ ಕೂರುವುದು ಅವರ ಪದ್ಧತಿ.

ಆವತ್ತು ಮಧ್ಯಾಹ್ನ ಕಣಿವೆಯ ಅಂಚಿನಲ್ಲಿ ಚಂದಿರ ಮೂಡಿದ. ದುಂಡಗೆ, ನುಣ್ಣಗೆ, ಅಂಚಿನಿಂದ ಅಂಚಿಗೆ ಒಂದೇ ಹೊಳಪು.

"ರೀ ಮೇಡಂ, ಬನ್ನಿ! ಎಂಥಾ ಚಂದದ ಗಡ್ಡೆ ನೋಡಿ!" ಪಕ್ಕದ ಕುರ್ಚಿಯ ಡಾಕ್ಟರಮ್ಮನನ್ನು ಕರೆದರು. "ಮಿದುಳಲ್ಲೇ ಹುಟ್ಟಿದ್ದಾದ್ರೆ ಬೇರು ಬಿಟ್ಟು ಹರಡ್ತಿತ್ತು. ಇದು ಮಿದುಳಿನ ಮೇಲಿನ ಪೊರೇಲಿ ಹುಟ್ಟಿದ್ದು. ಮಿದುಳಿಗೂ ಇದಕ್ಕೂ ನಡುವೆ ನೀರಿನ ಗೆರೆ ನೋಡಿ, ಬೇಲಿ ಹಾಕಿದ ಹಾಗಿದೆ."

"ನಿಮ್ಮ ಮದುವೇಲೂ ಇಷ್ಟು ಹಿಗ್ಗಿರಲಿಲ್ಲವಂತೆ, ಸಾರ್."

ನಗುತ್ತಲೇ ವರದಿ ಬರೆಯಲು ಚೀಟಿ ಕಿತ್ತರು. ಕಂಡದ್ದು ಅಕ್ಕನ ಹೆಸರು.

ಅಮ್ಮ ತೀರಿಕೊಂಡ ಮೇಲೆ ದಿನಾ ತಲೆ ಬಾಚಿ ಶಾಲೆಗೆ ಕಳಿಸಿದ ಅಕ್ಕ. ತಲೆನೋವಿನ ಸುದ್ದಿಯನ್ನೇ ಎತ್ತದೆ ತಾನಾಗಿ ಬಂದು ಯಂತ್ರದೊಳಗೆ ಮಲಗಿ ಎದ್ದಿದ್ದಳು. ಡಾಕ್ಟರು ಮತ್ತೆ ಪರದೆ ನೋಡಿದರು. ನೀರಿನ ಗೆರೆಯಿಲ್ಲ. ಬೇಲಿ ಮಾಯ. ಚಂದಿರನಿಂದ ಸುತ್ತಲೂ ಬೇರುಗಳು ಇಳಿಯುತ್ತಿದ್ದವು. ಕಣ್ಣುಜ್ಜಿಕೊಂಡಷ್ಟೂ ಅವು ಉದ್ದವಾದವು.

"ಒಳಗಿನದೇ ಅನ್ಸುತ್ತೆ, ಮೇಡಂ..."

"ಏಳಿ ಸಾರ್, ನೀವೀಗ ಡಾಕ್ಟರಲ್ಲ, ತಮ್ಮ," ಎಂದು ಡಾಕ್ಟರಮ್ಮ ಅವರನ್ನು ಎಬ್ಬಿಸಿ, ಹಳದಿ ಚೀಟಿಯನ್ನು ಇದ್ದಲ್ಲೇ ಅಂಟಿಸಿ, ಚಿತ್ರಗಳನ್ನು ಮೊದಲಿನಿಂದ ಸರಿಸತೊಡಗಿದರು. ಡಾಕ್ಟರು ಗೋಡೆಗೆ ಮುಖ ಮಾಡಿ ನಿಂತರು, ಪಾಠ ಒಪ್ಪಿಸದ ಹುಡುಗನಂತೆ.

"ಗೆರೆ ಇದೆ. ಎಲ್ಲಾ ಕಡೆಯಿಂದ ನೋಡಿದರೂ ಇದೆ. ನೀವು ಮೊದಲು ಹೇಳಿದ್ದೇ ಸರಿ. ಪೂರ್ತಿ ಖಾತ್ರಿ ಆಗೋದು ತೆಗೆದು ನೋಡಿದ ಮೇಲೇ, ಅದು ನಿಮಗೂ ಗೊತ್ತು."

ಹೊರಗಿನ ಬೆಂಚಿನ ಮೇಲೆ ಅಕ್ಕ ತಲೆಗೂದಲು ಬಿಚ್ಚಿಕೊಂಡು ಕೂತಿದ್ದಳು. ಯಂತ್ರದೊಳಗೆ ಲೋಹ ಬೇಡವೆಂದು ತೆಗೆಸಿದ್ದ ಹೇರ್‌ಪಿನ್ನುಗಳು ಅಂಗೈಯಲ್ಲಿದ್ದವು.

"ಯಾಕೋ, ಮುಖ ಸೋರೆಕಾಯಿ ಥರ ಇಳಿಬಿಟ್ಟಿದ್ದೀಯ? ಇದಕ್ಕೇ ನಿನಗೆ ಹೇಳಲಿಲ್ಲ. ಏನಿದೆ ತಲೇಲಿ?"

"ಗಡ್ಡೆ ಇದೆ, ಅಕ್ಕ. ಆದರೆ ಮಿದುಳೊಳಗೆ ಬಂದಿಲ್ಲ. ಹೊಸ್ತಿಲಾಚೆ ಕೂತಿದೆ. ಆಪರೇಷನ್ ಮಾಡಿ ತೆಗೀಬಹುದು."

ಅಕ್ಕ ಅಂಗೈಯ ಪಿನ್ನುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. "ಅಂದ್ರೆ ಒಳಗೆ ಏನೂ ಇಲ್ಲ. ಅದನ್ನ ನಿಮ್ಮ ಭಾವ ಯಾವತ್ತೋ ಹೇಳಿದ್ರು ಬಿಡು," ಎಂದು ಒಂದು ಪಿನ್ನು ಚಾಚಿದಳು. "ತಗೋ, ಎಡಗಡೆ ಸಿಗಿಸು. ಇಲ್ಲಿ ಕನ್ನಡಿ ಇಲ್ಲ."

ಡಾಕ್ಟರು ಬೆಳದಿಂಗಳ ನಾಡಿನಲ್ಲೇ ಇದ್ದರೋ ಏನೋ, ಬಹಳ ಜೋಪಾನವಾಗಿ ಬಲಗಡೆ ಸಿಗಿಸಿದರು.