ಮಡಚಿದ ಬೆರಳು

ಪೂರ್ವ ಮಡಗಾಸ್ಕರ್‌ನ ಕಾಡಂಚಿನಲ್ಲಿ ಟುಂಬು ಇಪ್ಪತ್ತು ವರ್ಷಗಳಿಂದ ಪ್ರವಾಸಿಗರಿಗೆ ಗೋಸುಂಬೆ ತೋರಿಸಿ ಹೊಟ್ಟೆ ಹೊರೆಯುತ್ತಿದ್ದ. ಎಲೆ ಯಾವುದು, ಬಾಲ ಸುರುಳಿ ಸುತ್ತಿ ಕೂತ ಜೀವ ಯಾವುದು ಎಂದು ನಡೆಯುತ್ತಲೇ ಹೇಳುವ ಕಣ್ಣು ಅವನದು ಎಂದು ಊರೆಲ್ಲ ಹೊಗಳುತ್ತಿತ್ತು. ಹೊಗಳಿಕೆ ಯಾರಿಗೆ ಬೇಡ? ಆದರೆ ಈಚೆಗೆ ಕಣ್ಣು ಮಂಜಾಗಿತ್ತು, ಹೇಳಿಕೊಳ್ಳಲು ನಾಚಿಕೆ. ಹಾಗಾಗಿ ಬೆಳಗ್ಗೆಯೇ ಹೋಗಿ, ಕೈಗೆ ಸಿಕ್ಕ ಗೋಸುಂಬೆಯನ್ನು ತಂದು ದಾರಿ ಬದಿಯ ಸೀಬೆ ಗಿಡದಲ್ಲಿ ಕೂರಿಸುತ್ತಿದ್ದ. ಪ್ರವಾಸಿಗರು ಬಂದಾಗ "ಅಗೋ!" ಎಂದು ಆಗಷ್ಟೇ ಕಂಡವನಂತೆ ನಾಟಕ ಆಡುತ್ತಿದ್ದ.

ಗೋಸುಂಬೆಯತ್ತ ನೆಟ್ಟಗೆ ಬೆರಳು ಚಾಚುವುದು ಅದಕ್ಕೆ ಅಗೌರವವೆಂದು ಆ ಊರಿನವರಲ್ಲಿ ನಿಷಿದ್ಧ. ಅದನ್ನು ಮಾತ್ರ ಅವನು ತಪ್ಪಿದವನಲ್ಲ. ಯಾವಾಗಲೂ ಬೆರಳು ಮಡಚಿ, ಗೆಣ್ಣಿನಿಂದಲೇ ತೋರಿಸುತ್ತಿದ್ದ.

ಒಂದು ದಿನ ತೊರೆಯ ಹತ್ತಿರ ನೆಲದಲ್ಲೇ ಒಂದು ಹೆಣ್ಣು ಗೋಸುಂಬೆ ಸಿಕ್ಕಿತು. ಕಪ್ಪಿಟ್ಟ ಮೈಮೇಲೆ ಕಿತ್ತಳೆ ಚುಕ್ಕೆ. ಬಾಯಿ ತೆರೆದು ಬುಸ್ಸೆಂದಿತು. ಸಿಟ್ಟಿರಬೇಕು ಎಂದುಕೊಂಡು ಕಡ್ಡಿಗೆ ಹತ್ತಿಸಿ ತಂದು ಸೀಬೆ ಗಿಡದಲ್ಲಿ ಕೂರಿಸಿದ.

ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಅಲ್ಲೇ ಬೇಯಿಸಿದ ಮರಗೆಣಸು ಮಾರುತ್ತಿದ್ದ ಅವನ ಅಕ್ಕ ಸುವಾಜಾರ ಹತ್ತಿರ ಬಂದಳು.

"ಇದರ ಉಗುರಲ್ಲಿ ಮಣ್ಣು ಯಾಕೋ?"

"ಕಾಡಲ್ಲಿ ಮಣ್ಣಿಲ್ದೆ ಬೆಣ್ಣೆ ಇರುತ್ತಾ ಅಕ್ಕಾ?"

"ಸಾಕು ಸುಮ್ನಿರು! ಮೊಟ್ಟೆ ಇಡೋಕೆ ಗುಂಡಿ ತೋಡ್ತಿದ್ದ ತುಂಬು ಬಸುರಿ ಕಣೋ ಇದು. ಮೈಬಣ್ಣ ನೋಡಿದ್ರೂ ಗೊತ್ತಾಗ್ಲಿಲ್ವಾ? ಎಲ್ಲಿಂದ ತಂದೆ?"

ಪಕ್ಕದಲ್ಲಿ ಬೇರೆ ಗೈಡುಗಳೂ ನಿಂತಿದ್ದರು. ಇಲ್ಲೇ ಇತ್ತು ಎಂದರೆ ಹೆಸರು ಉಳಿಯುತ್ತಿತ್ತು, ಮೊಟ್ಟೆ ಹಾಳಾಗುತ್ತಿತ್ತು. ಟುಂಬು ತಲೆ ತಗ್ಗಿಸಿದ.

"ತೊರೆ ಹತ್ರದಿಂದ. ನಾನೇ ತಂದಿಟ್ಟೆ. ದಿನಾ ಹೀಗೇ ಮಾಡ್ತೀನಿ."

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

ಅಕ್ಕ ತಮ್ಮ ಇಬ್ಬರೂ ಗೋಸುಂಬೆಯನ್ನು ಹೊತ್ತು ತೊರೆಗೆ ಹೋದರು. ಟುಂಬು ಎಷ್ಟು ತಡಕಾಡಿದರೂ ಗುಂಡಿ ಕಾಣಲಿಲ್ಲ. ಅಕ್ಕನೇ ಬೆರಳು ಮಡಚಿ ನೆಲದತ್ತ ತೋರಿಸಿದಳು. ಅಲ್ಲಿ ಟೈರಿನ ಚಪ್ಪಲಿಯ ಗುರುತಿತ್ತು, ಅವನದೇ. ಅದರಡಿ ಗುಂಡಿ ಕುಸಿದು ಮುಚ್ಚಿತ್ತು.

"ಬೆರಳು ಮಡಚಿದ್ರೆ ಸಾಕು ಅಂದ್ಕೊಂಡ್ಯಾ?" ಎಂದಳು ಮೆಲ್ಲಗೆ.

ಅವನು ಚಪ್ಪಲಿ ಕಳಚಿಟ್ಟು, ಮೊಣಕಾಲೂರಿ ಮಣ್ಣು ಬಗೆದ. ಕೆಳಗಿಟ್ಟ ಗೋಸುಂಬೆ ಒಂದು ಕಣ್ಣನ್ನು ಗುಂಡಿಯತ್ತ, ಇನ್ನೊಂದನ್ನು ಅವನತ್ತ ತಿರುಗಿಸಿತು. ಬಹಳ ಹೊತ್ತು ಹಾಗೇ ಇದ್ದು, ಗುಂಡಿಯನ್ನು ಬಿಟ್ಟು ಬಳ್ಳಿ ಹತ್ತಿ ಹೊರಟುಹೋಯಿತು.

"ಏಳು," ಎಂದಳು ಅಕ್ಕ.

ಚಪ್ಪಲಿ ಮೆಟ್ಟಲು ಅವನಿಗೆ ಮನಸ್ಸು ಬರಲಿಲ್ಲ. ಕೈಯಲ್ಲಿ ಹಿಡಿದು, ಒಂದೊಂದು ಹೆಜ್ಜೆಗೂ ನೆಲ ನೋಡುತ್ತ ಬರಿಗಾಲಲ್ಲಿ ನಡೆದ.