ಹಪ್ಪಳದ ಚಾಪೆಯ ಮೇಲೆ ಲ್ಯಾಟಿನ್

ಪಾದ್ರಿಗಳು ನಮಗೆ ಬೆನ್ನು ಹಾಕಿ ನಿಂತು ಲ್ಯಾಟಿನ್ನಿನಲ್ಲೇ ಪೂಜೆ ಮಾಡುತ್ತಿದ್ದ ಕಾಲವದು. ಅರ್ಥವಾಗದಿದ್ದರೂ ನಾವು ಮೊಣಕಾಲೂರಿ ಕೇಳುತ್ತಿದ್ದೆವು. ನರಿಮೊಗರಿನ ನಮ್ಮ ಮನೆಯಿಂದ ಅಣ್ಣ ಪಾದ್ರಿಯಾಗಲು ಸೆಮಿನರಿಗೆ ಸೇರಿ ವರ್ಷವಾಗಿತ್ತು. ಮೇ ತಿಂಗಳ ರಜೆಗೆ ಬಂದವನು ಲ್ಯಾಟಿನ್ನಿನಲ್ಲಿ ಡುಮ್ಕಿ ಹೊಡೆದೇ ಬಂದಿದ್ದ. ಜೂನಿನ ಮರುಪರೀಕ್ಷೆಯಲ್ಲೂ ಹಾಗಾದರೆ ಮನೆಗೇ ವಾಪಸು.

ಅಮ್ಮ ಹಲಸಿನ ಸೊಳೆ ಬೇಯಿಸಿ, ಉಪ್ಪು ಮೆಣಸು ಹಾಕಿ ಕುಟ್ಟಿ, ಹಪ್ಪಳ ಒತ್ತುತ್ತಿದ್ದರು. ಅದನ್ನು ಅಂಗಳದ ಚಾಪೆಯಲ್ಲಿ ಹರಡಿ ಕಾಗೆ ಓಡಿಸುವುದು ಏಳನೇ ಕ್ಲಾಸಿನ ನನ್ನ ಕೆಲಸ. ಅಣ್ಣನ ಪಾಠ ಒಪ್ಪಿಸಿಕೊಳ್ಳುವುದೂ ನನ್ನದೇ. ಅವನ ಪುಸ್ತಕದಲ್ಲಿ ಕ್ರಿಯಾಪದಕ್ಕೆ ಸಾಲಿಗೆ ಆರು ರೂಪ. ನಾನೂ ಸಾಲಿಗೆ ಆರರಂತೆ ಹಪ್ಪಳ ಹರಡಿದೆ. ಸರಿ ಹೇಳಿದರೆ ಅರೆ ಒಣಗಿದ ಹಪ್ಪಳ ಅವನಿಗೆ, ತಪ್ಪಿದರೆ ನನಗೆ. ಹೊಟ್ಟೆನೋವು ಬಂದದ್ದು ನನಗೇ.

"ಆಮತ್ ಅಂದ್ರೆ ಪ್ರೀತಿಸ್ತಾನೆ. ಪ್ರೀತಿಸಲಿ ಅಂತ ಹಾರೈಸುದಾದ್ರೆ ಆಮೆತ್. ಅ ಹೋಗಿ ಎ ಬರ್ತದೆ," ಎಂದ ಅಣ್ಣ.

"ಎಲ್ಲದಕ್ಕೂ ಎಯೇ ಬರುದಾ?"

"ಇಲ್ಲ, ಉಳಿದದಕ್ಕೆ ಬೇರೆ ಉಂಟು. ವೇನಿತ್ ಅಂದ್ರೆ ಬರ್ತಾನೆ. ಬರಲಿ ಅಂದ್ರೆ..." ತಲೆ ಕೆರೆದ. "ವೇನಿಯೆತ್."

ಪುಸ್ತಕದಲ್ಲಿದ್ದದ್ದು ವೇನಿಯತ್. ನಾನು ಸುಮ್ಮನೆ ಹಪ್ಪಳ ಅವನ ಕೈಗಿಟ್ಟೆ.

ಅವನು ನಪಾಸಾಗಲಿ, ಮನೆಗೆ ಬರಲಿ ಎಂದು ನನ್ನಾಸೆ. ಆ ಒಂದು ವರ್ಷ ನನ್ನೊಡನೆ ಜಗಳವಾಡಲೂ ಯಾರೂ ಇರಲಿಲ್ಲ. ಹತ್ತು ದಿನ ಆ ತಪ್ಪನ್ನೇ ಉರು ಹೊಡೆಸಿದೆ.

ಹೊರಡುವ ದಿನ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಹಪ್ಪಳದ ಕಟ್ಟು ತೊಡೆಯ ಮೇಲಿಟ್ಟು ಕಿಟಕಿಯ ಬಳಿ ಕೂತ.

"ಈ ಸಲವೂ ಹೋದ್ರೆ ಅಪ್ಪನ ಮುಖ ಹೇಗೆ ನೋಡುದು ಮಾರಾಯ್ತಿ?"

ನನಗೆ ತಡೆಯಲಾಗಲಿಲ್ಲ. "ಅಣ್ಣ, ಅದು ವೇನಿಯತ್. ನನಗೆ ಗೊತ್ತಿತ್ತು, ಹೇಳ್ಲಿಲ್ಲ."

ಅವನು ನನ್ನನ್ನೇ ನೋಡಿದ. ಕಟ್ಟು ಬಿಚ್ಚಿ ಒಂದು ಹಪ್ಪಳ ಕಿಟಕಿಯಿಂದ ಚಾಚಿದ. "ತಪ್ಪಿದ್ದು ನಾನಲ್ವಾ? ಇದು ನಿನ್ನ ಪಾಲು."

ಬಸ್ಸು ಹೊರಟಾಗ ಅವನ ತುಟಿ ವೇನಿಯತ್, ವೇನಿಯತ್ ಎಂದು ಆಡುತ್ತಿತ್ತು.

ಅಣ್ಣ ಪಾಸಾದ. ಅವನು ಪಾದ್ರಿಯಾಗುವ ಹೊತ್ತಿಗೆ ಪೂಜೆ ನಮ್ಮ ಭಾಷೆಗೇ ಬಂದು, ಅಷ್ಟು ಕಷ್ಟಪಟ್ಟು ಕಲಿತ ಲ್ಯಾಟಿನ್ ಯಾರಿಗೂ ಬೇಡವಾಯಿತು. ಊರೂರಿನ ಇಗರ್ಜಿಗಳಲ್ಲಿ ದುಡಿದ ಅವನು ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಈಗ ಅವನೇ ಇಲ್ಲ. ನಾನು ಇನ್ನೂ ಸಾಲಿಗೆ ಆರರಂತೆಯೇ ಹಪ್ಪಳ ಹರಡುತ್ತೇನೆ. ಬರುತ್ತಾನೆ ಎನ್ನುವಂತಿಲ್ಲ. ಬರಲಿ, ವೇನಿಯತ್ ಎನ್ನಬಹುದು, ಅನ್ನುತ್ತೇನೆ.